ಸ್ಪೇನಿನವರಿಗೇ ಮೊದಲು ಚಿನ್ನ ಸಿಕ್ಕಿದ್ದರೆ?

"ಕ್ಯಾಲಿಫೋರ್ನಿಯಾದ ಚಿನ್ನ ಸ್ಪೇನಿನವರಿಗೇ ಮೊದಲು ಸಿಕ್ಕಿದ್ದರೆ ಏನಾಗ್ತಿತ್ತು?" ನಾನು ಆ ಕಾಲದ ಚರಿತ್ರೆ ಓದುತ್ತೇನೆ ಅಂತ ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನು ಓದಿಕೊಳ್ಳಿ.

ಕೇಳುವ ರೀತಿಗೇ ನನಗೆ ಸಿಟ್ಟು ಬರುವುದು. ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು, "ಐವತ್ತು ವರ್ಷ ಅಲ್ಲೇ ಇದ್ದೂ ಕಾಣಲಿಲ್ಲ ಅಂದ್ರೆ ದಡ್ಡರೇ ಅಲ್ವಾ?" ಅಂದರು. ಸಾರು ಬರುವಷ್ಟರಲ್ಲಿ ಅವರಿಗೆ ಉತ್ತರ ಬೇಕಿತ್ತು.

ದಡ್ಡರಲ್ಲ ಸ್ವಾಮಿ. 1769ರಿಂದ ಸ್ಪೇನಿನವರು ಕಟ್ಟಿದ ಮಿಷನ್ (ಕ್ರೈಸ್ತ ಪಾದ್ರಿಗಳ ನೆಲೆ), ಕೋಟೆ ಎಲ್ಲ ಕರಾವಳಿಗುಂಟ. ಚಿನ್ನ ಇದ್ದದ್ದು ದೂರದ ಒಳನಾಡಿನಲ್ಲಿ, ಸಿಯೆರಾ ನೆವಾಡಾ ಬೆಟ್ಟಗಳ ಬುಡದ ಹೊಳೆಗಳಲ್ಲಿ. 1781ರಲ್ಲಿ ಕೊಲೊರಾಡೊ ನದಿ ದಾಟುವ ಕಡೆ ಅಲ್ಲಿನ ಮೂಲ ಜನ ಕ್ವೆಚಾನರು ಸ್ಪೇನಿನವರ ಮೇಲೆ ತಿರುಗಿಬಿದ್ದರು. ಮೆಕ್ಸಿಕೊದಿಂದ ಬರುವ ನೆಲದ ದಾರಿಯೇ ಮುಚ್ಚಿತು. 1821ರಲ್ಲಿ ಸ್ಪೇನಿನ ಆಳ್ವಿಕೆ ಮುಗಿದಾಗ ಅಲ್ಲಿ ಬಂದು ನೆಲೆಸಿದ್ದವರು 3,000ದ ಆಸುಪಾಸು, ಅಷ್ಟೇ. ಆಮೇಲೆ 1842ರಲ್ಲಿ, ಮೆಕ್ಸಿಕೊ ಆಳುತ್ತಿದ್ದಾಗ, ಲಾಸ್ ಏಂಜಲೀಸ್ ಹತ್ತಿರ ಫ್ರಾನ್ಸಿಸ್ಕೊ ಲೋಪೆಜ್ ಎಂಬಾತನಿಗೆ ಚಿನ್ನ ಸಿಕ್ಕಿತು. ಕಾಡು ಈರುಳ್ಳಿ ಕೀಳುವಾಗ ಸಿಕ್ಕಿತು ಅಂತ ಹೇಳುತ್ತಾರೆ. ಮೆಕ್ಸಿಕೊದ ಸೊನೋರಾ ಪ್ರಾಂತ್ಯದಿಂದ ಗಣಿಯವರು ಬಂದರು. ಲೋಕವೇನೂ ಓಡಿ ಬರಲಿಲ್ಲ.

ಸರಿ, ಕಲ್ಪಿಸಿಕೊಳ್ಳೋಣ. 1808ರಲ್ಲಿ ಸ್ಪೇನಿನ ಸೇನಾಧಿಕಾರಿ ಗೇಬ್ರಿಯಲ್ ಮೊರಾಗಾ ಸೈನಿಕರ ಜೊತೆ ಒಳನಾಡಿನ ಹೊಳೆಗಳನ್ನು ಸುತ್ತಿ ಬಂದ. ಅವನ ಕೈಗೆ ಚಿನ್ನ ಸಿಕ್ಕಿತು ಅಂದುಕೊಳ್ಳಿ. ಅದೇ ವರ್ಷ ನೆಪೋಲಿಯನ್ ಸ್ಪೇನಿನ ರಾಜನನ್ನು ಪಟ್ಟದಿಂದ ಇಳಿಸಿದ. 1810ರಲ್ಲಿ ಮೆಕ್ಸಿಕೊದಲ್ಲಿ ದಂಗೆ. ರಾಜನಿಗೆ ಆ ಚಿನ್ನ ದಕ್ಕುತ್ತಲೇ ಇರಲಿಲ್ಲ. ಆದರೆ ಸೊನೋರಾದವರು ಸಾವಿರಗಟ್ಟಲೆ ಬಂದು ನೆಲೆಸುತ್ತಿದ್ದರು. 1846ರಲ್ಲಿ ಮೆಕ್ಸಿಕೊ ಮೇಲೆ ಯುದ್ಧಕ್ಕೆ ಬಂದ ಅಮೆರಿಕದ ಸೈನ್ಯಕ್ಕೆ ಜನ ತುಂಬಿದ ನಾಡು ಎದುರಾಗುತ್ತಿತ್ತು. ಗಡಿ ಬೇರೆ ಕಡೆ ಬೀಳುತ್ತಿತ್ತು ಅಂತ ನನ್ನ ನಂಬಿಕೆ. ನಿಜವಾಗಿ ಆದದ್ದು ನೋಡಿ: 1848ರ ಜನವರಿ 24ರಂದು ಸಿಯೆರಾ ಬುಡದ ಕೊಲೋಮದಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿ ಚಿನ್ನ ಕಂಡ. ಒಂಬತ್ತೇ ದಿನಕ್ಕೆ ಮೆಕ್ಸಿಕೊ ಆ ನಾಡನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಸುದ್ದಿ ಇನ್ನೂ ತಲುಪಿರಲಿಲ್ಲ.

ಆದರೆ ಬಾವುಟ ಯಾರದ್ದು ಅನ್ನುವುದೊಂದೇ ಯಾಕೆ ಎಲ್ಲರಿಗೂ ಬೇಕು? ಕೊಲೋಮ ಅಲ್ಲಿನ ಮೂಲ ಜನ ನಿಸೆನಾನರ ನೆಲ. ಊರಿನ ಹೆಸರೂ ಅವರ ಮಾತಿನದೇ. ಹೊಳೆದಂಡೆಯಲ್ಲಿ ಮೀನು ಹಿಡಿಯುತ್ತಿದ್ದರು, ಓಕ್ ಬೀಜ ಕುಟ್ಟಿ ಗಂಜಿ ಮಾಡುತ್ತಿದ್ದರು. 1769ರಲ್ಲಿ ಕ್ಯಾಲಿಫೋರ್ನಿಯಾದ ಮೂಲ ಜನ ಅಂದಾಜು 3 ಲಕ್ಷ. ಮಿಷನ್‌ಗಳು, ರೋಗಗಳು ಬಂದ ಮೇಲೆ, 1848ರ ಹೊತ್ತಿಗೆ, 1.5 ಲಕ್ಷ. ಚಿನ್ನದ ಜನ ನುಗ್ಗಿದ ಮೇಲೆ, 1870ಕ್ಕೆ, ಸುಮಾರು 30,000. ಕೊಂದರು, ಓಡಿಸಿದರು, ಹಸಿವಿನಲ್ಲಿ ಸಾಯಲು ಬಿಟ್ಟರು.

ಮೊರಾಗಾನ ಕೈಗೇ ಚಿನ್ನ ಸಿಕ್ಕಿದ್ದರೆ ಆ ಮೂಲ ಜನರ ಊರುಗಳು 40 ವರ್ಷ ಮೊದಲೇ ಖಾಲಿಯಾಗುತ್ತಿದ್ದವಾ? ಇದನ್ನು ಕೇಳಿ. ಇಡೀ ಸಂಜೆ ಕೂತು ಮಾತಾಡ್ತೀನಿ.