ಜೂನ್ ತಿಂಗಳ ಒಂಟಿ ಕರಡಿಮರಿ

ಜೂನ್ ಬಂತೆಂದರೆ ನಮ್ಮ ಕಡೆ ಒಂಟಿ ಕರಡಿಮರಿಗಳು ಕಣ್ಣಿಗೆ ಬೀಳುತ್ತವೆ. ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಡುಲುತ್ ಊರಿನ ಹೊರಗೆ. ಹಿತ್ತಲು ದಾಟಿದರೆ ಕಾಡು. ರಸ್ತೆ ಬದಿಯಲ್ಲೋ ಯಾರದೋ ಅಂಗಳದಲ್ಲೋ ನಾಯಿ ಗಾತ್ರದ ಕಪ್ಪು ಮರಿಯೊಂದು ಅತ್ತಿತ್ತ ನೋಡುತ್ತಾ ನಿಂತಿರುತ್ತದೆ. ಪಾಪ, ತಾಯಿ ಸತ್ತಿರಬೇಕು ಅನ್ನುತ್ತಾರೆ ಜನ. ಈ ತಿಂಗಳಲ್ಲಿ ಬಹಳಷ್ಟು ಸಲ ತಾಯಿ ಬದುಕೇ ಇರುತ್ತಾಳೆ. ಅವಳೇ ಓಡಿಸಿರುತ್ತಾಳೆ.

ಮರಿಗಳು ಹುಟ್ಟುವುದು ಜನವರಿಯಲ್ಲಿ, ಬಿಲದೊಳಗೆ. ಆಗ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಒಂದು ಬೇಸಿಗೆಯಿಡೀ ತಾಯಿಯ ಹಿಂದೆ ಅಲೆದು, ಮುಂದಿನ ಚಳಿಗಾಲವನ್ನೂ ಅವಳ ಮಗ್ಗುಲಲ್ಲೇ ಕಳೆಯುತ್ತವೆ. ಹಿಮ ಕರಗಿ ಹೊರಬಂದ ಮೇಲೂ ಕೆಲವು ವಾರ ಒಟ್ಟಿಗೇ ಇರುತ್ತವೆ. ಮೇ ಕೊನೆಗೋ ಜೂನ್‌ನಲ್ಲೋ, ಮರಿಗೆ 16-17 ತಿಂಗಳಾಗುವ ಹೊತ್ತಿಗೆ, ತಾಯಿ ಮತ್ತೆ ಬೆದೆಗೆ ಬರುತ್ತಾಳೆ. ಅಲ್ಲಿಗೆ ಮುಗಿಯಿತು.

ಇದನ್ನು ನಮ್ಮ ಹಿತ್ತಲ ಅಂಚಿನಲ್ಲೇ ನೋಡಿದ್ದೇನೆ. ತಾಯಿ ಹುಲ್ಲು ಮೇಯುತ್ತಿದ್ದಳು. ಮರಿ ಎಂದಿನಂತೆ ಹತ್ತಿರ ಬಂತು. ಅವಳು ಕಿವಿ ಹಿಂದಕ್ಕೆ ಮಡಚಿ, ಬುಸ್ಸೆಂದು ಉಸಿರು ಬಿಟ್ಟು, ಹಲ್ಲು ಕಟಕಟ ಕಡಿದು ನೇರ ಅದರ ಮೇಲೇ ನುಗ್ಗಿದಳು. ಮರಿ ಆಸ್ಪೆನ್ ಮರಕ್ಕೆ ಹಾರಿ ಸರಸರ ಹತ್ತಿತು. ಉಗುರು ತಾಗಿ ತೊಗಟೆಯ ಚೂರುಗಳು ಉದುರಿದವು. ಅಪಾಯ ಕಂಡಾಗ ಮರ ಹತ್ತುವುದನ್ನು ಅದು ಕಲಿತದ್ದೇ ಇವಳ ಹತ್ತಿರ. ಈಗ ಇವಳಿಗೇ ಹೆದರಿ ಹತ್ತಿದೆ! ಅವಳು ತಿರುಗಿಯೂ ನೋಡದೆ ಕಾಡಿಗೆ ನಡೆದಳು. ಮರಿ ಮೇಲೆ ಕೂತು ನರಳುತ್ತಿತ್ತು. ಇಳಿದು ಅವಳ ಜಾಡು ಹಿಡಿದು ಹೋಯಿತು, ಸ್ವಲ್ಪ ಹೊತ್ತಿಗೆ ಬಾಲ ಮುದುರಿಕೊಂಡು ಓಡಿ ಬಂತು. ನನಗೆ ಕರುಳು ಕಿವುಚಿದಂತಾಯಿತು.

ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಅಯ್ಯೋ, ಹೆತ್ತವಳೇ ಓಡಿಸ್ತಾಳಾ? ಒಂದಿಷ್ಟು ಅನ್ನ ಹಾಕಬಾರದೇನೇ ಅದಕ್ಕೆ?"

"ಹಾಕಬಾರದಮ್ಮ."

ತಾಯಿ ಓಡಿಸುವುದಕ್ಕೆ ಕಾರಣವಿದೆ. ಆ ದಿನಗಳಲ್ಲಿ ಅವಳ ವಾಸನೆ ಹಿಡಿದು ದೊಡ್ಡ ಗಂಡು ಕರಡಿಗಳು ಬರುತ್ತವೆ. ಮರಿ ಅವುಗಳ ಕಣ್ಣೆದುರು ಇರುವುದು ಕ್ಷೇಮವಲ್ಲ. ಜೂನ್‌ನಲ್ಲಿ ಕೂಡಿದರೂ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ನವೆಂಬರ್ ಸುಮಾರಿಗೆ. ಅಷ್ಟರೊಳಗೆ ತಾಯಿ ತಿಂದು ಕೊಬ್ಬಿರಬೇಕು, ಇಲ್ಲದಿದ್ದರೆ ಬಸಿರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮರಿ ಹಾಕುವವಳಿಗೆ ಹಳೆಯ ಮರಿಯನ್ನು ಇಟ್ಟುಕೊಂಡು ಕೂರಲು ಆಗುವುದಿಲ್ಲ.

ಆದರೆ ಅವಳು ಕೈಬಿಡುವುದಿಲ್ಲ ಅನ್ನುವುದೇ ನನಗೆ ಇದರಲ್ಲಿ ತುಂಬಾ ಹಿಡಿಸಿದ ಮಾತು. ಲಿನ್ ರೋಜರ್ಸ್ ಎಂಬ ವಿಜ್ಞಾನಿ 1969ರಿಂದ ಇದೇ ಈಶಾನ್ಯ ಮಿನ್ನೆಸೋಟಾದಲ್ಲಿ ಕರಡಿಗಳಿಗೆ ರೇಡಿಯೋ ಕಾಲರ್ ಹಾಕಿ ವರ್ಷಗಟ್ಟಲೆ ಬೆನ್ನುಹತ್ತಿದರು. ಅವರ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಬೇರೆ ಹೆಣ್ಣು ಕರಡಿ ತನ್ನ ಜಾಗಕ್ಕೆ ಕಾಲಿಟ್ಟರೆ ಅಟ್ಟಿಬಿಡುವ ತಾಯಿ, ಮಗಳನ್ನು ಮಾತ್ರ ತನ್ನ ಜಾಗದ ಒಂದು ಭಾಗದಲ್ಲಿ ಇರಗೊಡುತ್ತಾಳೆ. ಮಗಳು ಬೆಳೆದಂತೆ ತಾನೇ ಆಚೆ ಸರಿದು ಜಾಗ ಬಿಟ್ಟುಕೊಡುವುದೂ ಉಂಟು. ಗಂಡುಮಕ್ಕಳು ಒಂದೆರಡು ವರ್ಷದಲ್ಲಿ ತಾವಾಗಿಯೇ ದೂರ ಹೊರಟುಬಿಡುತ್ತವೆ, ನೂರು ಕಿಲೋಮೀಟರ್ ದಾಟಿ ಹೋದವೂ ಇವೆ. ಅಂದರೆ ಜೂನ್‌ನಲ್ಲಿ ಒಂಟಿಯಾಗಿ ಕಾಣುವ ಮರಿ ನಿಂತಿರುವುದು ಸಾಮಾನ್ಯವಾಗಿ ಪರಸ್ಥಳದಲ್ಲಲ್ಲ, ಅಮ್ಮನ ಜೊತೆ ಓಡಾಡಿದ ಜಾಗದಲ್ಲೇ. ಎಲ್ಲಿ ನೀರು, ಯಾವ ಗುಡ್ಡದಲ್ಲಿ ಹಣ್ಣು, ಎಲ್ಲ ಅದಕ್ಕೆ ಗೊತ್ತು.

ಹಸಿವು ನಿಜ. ಬ್ಲೂಬೆರ್ರಿ ಹಣ್ಣಾಗುವುದು ಜುಲೈಯಲ್ಲಿ. ಅಲ್ಲಿಯವರೆಗೆ ಸೊಪ್ಪು, ಹುಲ್ಲು, ಕೊಳೆತ ದಿಮ್ಮಿ ಕಿತ್ತರೆ ಸಿಗುವ ಇರುವೆ, ಇಷ್ಟೇ. ಇದೇ ಹೊತ್ತಿನಲ್ಲಿ ಕಸದ ಡಬ್ಬಿಯ ರುಚಿ ಹತ್ತಿದರೆ ಮರಿ ಮನೆಗಳ ಹತ್ತಿರವೇ ಸುಳಿದಾಡುತ್ತದೆ. ಆಮೇಲೆ ಯಾರಾದರೂ ಗುಂಡು ಹೊಡೆಯುತ್ತಾರೆ, ಇಲ್ಲವೇ ಕಾರಿಗೆ ಸಿಗುತ್ತದೆ. ಅದಕ್ಕೇ ನಾವು ವಸಂತ ಬಂದೊಡನೆ ಹಕ್ಕಿಗಳಿಗೆಂದು ನೇತುಹಾಕಿದ ಸೂರ್ಯಕಾಂತಿ ಬೀಜ ಒಳಗೆ ತರುತ್ತೇವೆ. ಕಸದ ಡಬ್ಬಿ ಗ್ಯಾರೇಜಿನಲ್ಲಿ.

ಬೇಸಿಗೆ ರಜೆಗೆ ಮಿನಿಯಾಪೊಲಿಸ್‌ನಿಂದ ನಮ್ಮವರು ಬಹಳ ಜನ ಸುಪೀರಿಯರ್ ಸರೋವರ ನೋಡಲು ಬರುತ್ತಾರೆ. ಹೈವೇ 61ರ ಬದಿಯಲ್ಲಿ ಇಂಥದ್ದೊಂದು ಮರಿ ಕಂಡರೆ ದಯವಿಟ್ಟು ಕಾರಿನಿಂದ ಚಿಪ್ಸ್ ಎಸೆಯಬೇಡಿ. ಮಕ್ಕಳು ಎಷ್ಟು ಹಟ ಮಾಡಿದರೂ ಇಳಿಯಬೇಡಿ. ಕಿಟಕಿಯಿಂದ ತೋರಿಸಿ, ಸುಮ್ನೆ ಮುಂದೆ ಹೋಗಿ.