ಜಿಪ್ಸಿಯ ಪೆಟ್ರೋಲ್ ಪೈಪಿಗೆ ಹುಡುಕಿದ ದಾರಿ

ಶಿವಮೊಗ್ಗದ ನಮ್ಮ ಮನೆಯ ಶೆಡ್ಡಿನಲ್ಲಿ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸಾಧನ) ಇದ್ದ ಹಳೆಯ ಮಾರುತಿ ಜಿಪ್ಸಿ ಜೀಪಿಗೆ 1.3 ಲೀಟರಿನ ಎಂಪಿಎಫ್‌ಐ (ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್) ಎಂಜಿನ್ ಕೂರಿಸುವಾಗ ನಾನು ಹೆಚ್ಚು ದಿನ ಯೋಚಿಸಿದ್ದು ಪೆಟ್ರೋಲ್ ಪೈಪನ್ನು ಎಲ್ಲಿಂದ ಒಯ್ಯಬೇಕೆಂಬುದನ್ನು. ಕಾರ್ಬುರೇಟರಿಗೆ ಕಾಲು ಬಾರ್‌ನಷ್ಟು ಒತ್ತಡ ಸಾಕು. ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಬೇಕಾಗುವುದರಿಂದ ಹಳೆಯ ಹೋಸು, ಕ್ಲಿಪ್ಪುಗಳನ್ನೆಲ್ಲ ತೆಗೆದು ಇಂಜೆಕ್ಷನ್ ದರ್ಜೆಯವನ್ನೇ ಹಾಕಿದೆ.

ಹತ್ತಿರದ ದಾರಿಯೆಂದು ಮೊದಲು ಪೈಪನ್ನು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಿಯಿಂದ ತಂದಿದ್ದೆ. ಅದು ತಪ್ಪು. ಆಗುಂಬೆ ಘಾಟಿಯ ತಿರುವುಗಳನ್ನು ಕೆಳಗಿನ ಗೇರಿನಲ್ಲಿ ನಿಧಾನವಾಗಿ ಏರುವಾಗ ಬಾನೆಟ್ಟಿನೊಳಗೆ ಗಾಳಿ ಸಾಲದೆ ಕಾವು ಏರುತ್ತದೆ. ಆ ಕಾವಿಗೆ ಹೋಸು ಗಡುಸಾಗಿ ಬಿರಿದು ಸೋರಿದರೆ, ಬೆಂಕಿ ಹೊತ್ತಲು ಕೆಲವೇ ಹನಿ ಸಾಕು. ಹಾಗಾಗಿ ಪೆಟ್ರೋಲ್ ತರುವ ಸಪ್ಲೈ, ಉಳಿದದ್ದನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪು ಎರಡನ್ನೂ ಗಾಳಿ ಒಳಬರುವ ಇನ್‌ಟೇಕ್ ಬದಿಗೆ ಸರಿಸಿ, ಚಾಸಿಯ (ಗಾಡಿಯ ಉಕ್ಕಿನ ಚೌಕಟ್ಟಿನ) ಒಳಮೈಗುಂಟ ರಬ್ಬರ್ ಒಳಪದರದ ಕ್ಲಿಪ್ಪುಗಳಿಂದ ಬಿಗಿದೆ.

ಎಂಜಿನ್ ತನ್ನ ಮೌಂಟುಗಳ (ರಬ್ಬರ್ ಆಸರೆಗಳ) ಮೇಲೆ ಓಲಾಡುವುದರಿಂದ ಚಾಸಿಗೂ ಅದಕ್ಕೂ ನಡುವೆ ಮೆದು ಹೋಸಿಗೆ ತುಸು ಸಡಿಲ ಬಿಡಲೇಬೇಕು. ಪೈಪು ಹಾಯುವ ತಗಡಿನ ತೂತನ್ನು ಅರದಿಂದ ಉಜ್ಜಿ, ಅಂಚು ಹೆಬ್ಬೆರಳಿಗೆ ತಾಗದಷ್ಟು ನುಣುಪಾದ ಮೇಲೆಯೇ ಪೈಪನ್ನು ಅಂಚು ಕೊರೆಯದಂತೆ ಕಾಯುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್, ಕೂರಿಸಿದೆ. ಮಲೆನಾಡಿನ ಮಳೆಗೆ ಬರಿಯ ತಗಡು ಬೇಗ ತುಕ್ಕು ಹಿಡಿಯುತ್ತದೆಂದು ಅಲ್ಲಿಗೆ ಪ್ರೈಮರನ್ನೂ ಬಳಿದೆ.

ಎಂಜಿನ್ ಚಾಲೂ ಮಾಡದೆ ಪಂಪನ್ನಷ್ಟೇ ಓಡಿಸಿ, ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ನೋಡಿದೆ. ಎಲ್ಲಿಯೂ ಕಲೆ ಬೀಳಲಿಲ್ಲ.