ಆಡ್ಕೊಳ್ಳೋರ ಮುಂದೆ ಎಡವಿ ಬಿದ್ರೆ

2017ರ ಏಪ್ರಿಲ್ 23 ನೆನಪಿದ್ಯಾ? ಐಪಿಎಲ್ ಮ್ಯಾಚು, ನಮ್ ಬೆಂಗ್ಳೂರು ಟೀಮು ಆರ್‌ಸಿಬಿಯವ್ರು ಈಡನ್ ಗಾರ್ಡನ್ಸಲ್ಲಿ ಕೋಲ್ಕತ್ತಾದವ್ರನ್ನ 131ಕ್ಕೆ ಆಲೌಟ್ ಮಾಡಿದ್ರು, ಇನ್ನೇನು ಗೆದ್ದಂಗೇ ಅಂತ ನಾನು ಊಟಕ್ಕೆ ಕೂತು ಮುದ್ದೆ ಮುಗ್ಸಿ ಅನ್ನಕ್ಕೆ ಬಂದು ಸ್ವಲ್ಪ ಹೊತ್ತಿಗೆ ನಮ್ಮೋರು 49ಕ್ಕೆ ಗಂಟುಮೂಟೆ, ಒಬ್ಬನೇ ಒಬ್ಬನೂ ಎರಡಂಕಿ ಮುಟ್ಲಿಲ್ಲ. ಆಫೀಸ್ ಗ್ರೂಪಲ್ಲಿ ಒಬ್ಬ ಚೆನ್ನೈ ಫ್ಯಾನ್ ಇದ್ದ (ಅವ್ರ ಟೀಮು ಆ ವರ್ಷ ಬ್ಯಾನಾಗಿ ಮನೇಲಿತ್ತು, ಬಾಯಿಗೇನ್ ಬ್ಯಾನಾ). ‘ಟೈಪಿಂಗ್’ ಅಂತ ತೋರಿಸ್ತಿತ್ತು. ಅವ್ನು ಕಳ್ಸೋಕ್ ಮುಂಚೆ ನಾನೇ ಹಾಕ್ದೆ: "ಹನ್ನೊಂದ್ ಜನ ಸೇರಿ ಒಂದು ಹಾಫ್ ಸೆಂಚುರಿ ಹೊಡಿಯೋಣ ಅಂತಿದ್ವಿ, ಒಂದ್ ರನ್ ಶಾರ್ಟೇಜ್." ಟೈಪಿಂಗ್ ನಿಂತೋಯ್ತು.

ಹಿಂಗ್ ನಮ್ಮನ್ನ ನಾವೇ ಗೇಲಿ ಮಾಡ್ಕೊಳ್ಳೋದಕ್ಕೆ ಕನ್ನಡದಲ್ಲಿ ಏನಂತಾರೆ? ಸ್ವವಿಡಂಬನೆ, ಆತ್ಮವಿಡಂಬನೆ ಅಂತೆಲ್ಲ ಪುಸ್ತಕದ ಪದಗಳಿವೆ, ಐದು ಮಾರ್ಕ್ಸಿನ ಪ್ರಶ್ನೆಗೆ ಉತ್ತರ ಬರೆಯೋ ಥರದ್ದು, ಟೀ ಅಂಗಡೀಲಿ ಯಾರೂ ಅನ್ನಲ್ಲ. ಇನ್ನೊಬ್ರನ್ನ ಮಾಡೋದಾದ್ರೆ ನೋಡಿ, ಗೇಲಿ, ಲೇವಡಿ, ಕುಹಕ, ಕಾಲೆಳೆಯೋದು, ಈಗ ಟ್ರೋಲು, ರಾಶಿ ಬಿದ್ದಿದೆ. ಇದ್ರಲ್ಲಿ ನಂಗೆ ಮಜಾ ಅನ್ಸೋದು ‘ಆಡ್ಕೊಳ್ಳೋದು’. ತಲೆ ಬಾಚ್ಕೊಳ್ಳೋದು, ಕಂಬಳಿ ಹೊದ್ಕೊಳ್ಳೋದು, ಎಲ್ಲಾ ನಮಗೆ ನಾವೇ ಮಾಡ್ಕೊಳ್ಳೋದು ತಾನೆ, ಆದ್ರೆ ಆಡ್ಕೊಳ್ಳೋದು ಮಾತ್ರ ಯಾವಾಗ್ಲೂ ಪಕ್ಕದ್ಮನೆಯವ್ರನ್ನ! ಆಡ್ಕೊಳ್ಳೋರ ಮುಂದೆ ಎಡವಿ ಬಿದ್ದಂಗೆ ಅನ್ನೋ ಗಾದೆನೇ ಇದೆ. ಆರ್‌ಸಿಬಿ ಫ್ಯಾನ್ಸ್ ಏನ್ ಮಾಡಿದ್ರು ಅಂದ್ರೆ, ಬಿದ್ದಮೇಲೆ ಏಳೋಕ್ ಮುಂಚೆ ತಾವೇ ಆಡ್ಕೊಂಡ್ಬಿಟ್ರು. ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋ ಜಾತಿ ಅಲ್ಲ ನಾವು, ಮಣ್ಣಾಗಿರೋ ಮೀಸೆ ಜೊತೆ ಸೆಲ್ಫಿ ತಗೊಳ್ಳೋ ಜಾತಿ.

ಹೊಸದೇನಲ್ಲ ಬಿಡಿ. ಬೀಚಿ ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಅಂತ ಹೆಸರಿಟ್ಟಿದ್ರು, ಬಯಾಗ್ರಫಿಯ ‘ಬ’ನ ‘ಭ’ ಮಾಡಿದ್ದಷ್ಟೇ. ಆದ್ರೆ ನಮ್ ಅತ್ತೆ "ಏನೋ ಬೇಯ್ಸಾಕಿದೀನಿ, ಬಾಯಿಗಿಡೋ ಹಂಗಿದ್ಯೋ ಇಲ್ವೋ" ಅಂತಾರಲ್ಲ, ಅದು ಈ ಲೆಕ್ಕಕ್ಕಿಲ್ಲ. ಅದು ಹೊಗಳಿಕೆಗೆ ಹಾಕಿದ ಗಾಳ, ‘ಹೌದತ್ತೆ, ಉಪ್ಪು ಜಾಸ್ತಿ’ ಅಂದು ನೋಡಿ ಗೊತ್ತಾಗತ್ತೆ.

‘ಈ ಸಲ ಕಪ್ ನಮ್ದೇ’ ಅನ್ನೋ ಆರ್‌ಸಿಬಿ ಫ್ಯಾನ್ಸ್ ಘೋಷಣೆನೂ ಹಂಗೇ, ಯಾರ ಬಾಯಲ್ಲಿ ಬಂತು ಅನ್ನೋದ್ರ ಮೇಲಿದೆ. 2009, 2011, 2016, ಮೂರು ಫೈನಲ್ ಸೋತಿರೋ ನಾವು ಅದನ್ನ ಅಂದ್ರೆ ನಗು, ಅದೇ ಮಾತು ಚೆನ್ನೈನೋನು ಅಂದ್ರೆ ಮೈ ಉರಿ. ಆ ‘ದೇ’ಲಿ ಎಷ್ಟು ಜಂಬ ಇದೆಯೋ ಅಷ್ಟೇ ಅನುಮಾನನೂ ಇತ್ತು ಅಂತ ನಂಗೆ ಗೊತ್ತಾಗಿದ್ದು 2024ರಲ್ಲಿ ಹೆಣ್ಮಕ್ಕಳ ಟೀಮು ಗೆದ್ದಾಗ, ಕ್ಯಾಪ್ಟನ್ ಸ್ಮೃತಿ ಮಂಧಾನ ‘ಈ ಸಲ ಕಪ್ ನಮ್ದು’ ಅಂದಾಗ. ಗೆದ್ದಮೇಲೆ ಒತ್ತಿ ಹೇಳೋ ದರ್ದಿಲ್ಲ, ‘ನಮ್ದು’ ಸಾಕು.

2025ರ ಜೂನ್ 3ಕ್ಕೆ ಗಂಡಸ್ರೂ ಗೆದ್ರು, ಪಂಜಾಬ್ ಮೇಲೆ ಆರು ರನ್ನಿಂದ. ಗ್ರೂಪ್ ಓಪನ್ ಮಾಡಿ ಕೂತೆ, ಏನ್ ಹಾಕ್ಬೇಕು ಅಂತಾನೇ ಹೊಳೀಲಿಲ್ಲ, ಸೋತಾಗ ಬರೋ ಜೋಕು ಗೆದ್ದಾಗ ಬರ್ಬೇಕಲ್ಲ. ನಾಳೆ ಹಾಕೋಣ ಅಂತ ಮಲಗ್ದೆ. ಮಾರನೇ ದಿನ ವಿಜಯೋತ್ಸವದಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ಕಾಲ್ತುಳಿತ ಆಗಿ 11 ಜನ ತೀರ್ಕೊಂಡ್ರು. ಸಂಜೆ ಚೆನ್ನೈನೋನು ಟೈಪಿಂಗ್ ಅಂತ ಬಂತು. "ನಿಮ್ಮನೆಯವ್ರೆಲ್ಲ ಸೇಫ್ ತಾನೆ?" ಅಂತ ಕೇಳಿದ್ದ ಅಷ್ಟೇ.